ಅಕ್ಕಿ ತುಂಬಿದೆ

‘ಹಸು ಸಾಧು ಪ್ರಾಣಿ’ ಎಂಬ ವಾಕ್ಯವನ್ನು ಇನ್ನೊಂದು ಸಲ ತಿದ್ದಿದ್ದರೆ ನಾನೇ ಯಾರನ್ನಾದರೂ ಹಾಯುತ್ತಿದ್ದೆ. ಮೂಡಲಪಾಳ್ಯದ ನಮ್ಮ ಶಾಲೆಯ ನಾಲ್ಕನೇ ಕ್ಲಾಸಿಗೆ ನಾನು ಬ್ಲಾಗು ಶುರು ಮಾಡಿದ್ದು ಅದಕ್ಕೇ. ಮಕ್ಕಳು ಸರದಿಯ ಮೇಲೆ ಕಂಪ್ಯೂಟರ್ ರೂಮಿನಲ್ಲಿ ಕುಳಿತು ಕನ್ನಡದಲ್ಲಿ ಟೈಪ್ ಮಾಡಬೇಕು. ನಾನು ಓದಿ ಹಾಕುತ್ತೇನೆ. ಲಿಂಕು ಅಪ್ಪ ಅಮ್ಮಂದಿರ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ನಿಯಮ ಒಂದೇ: ಮನೆಯಲ್ಲಿ ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಬೇಕು.

ಅಭಿನವ್ ಈ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ. ತಮ್ಮ ಮನೆಯ ಗೃಹಪ್ರವೇಶಕ್ಕೆ ಅತ್ತೆ ಕೊಟ್ಟಿದ್ದ ಗೋಡೆ ಗಡಿಯಾರವನ್ನು ಅಮ್ಮ ಸುಂಕದಕಟ್ಟೆಯ ಚಿಕ್ಕಪ್ಪನ ಗೃಹಪ್ರವೇಶಕ್ಕೆ ಕೊಟ್ಟದ್ದನ್ನೂ, ‘ಹೆಸರಿನ ಚೀಟಿ ಕಿತ್ತೆ ತಾನೇ?’ ಎಂದು ಅಪ್ಪ ಕೇಳಿದ್ದನ್ನೂ ಬರೆದ. ಅತ್ತೆಯೂ ಓದಿದರು. ಮರುದಿನ ಅಪ್ಪ ಶಾಲೆಗೆ ಬಂದು ಕೂಗಾಡಿದರು.

ನಮ್ಮ ಹೆಡ್‌ಮಾಸ್ಟರ್ ಜಗನ್ನಾಥ ಸಾರ್ ನನ್ನನ್ನು ಕರೆಸಿದರು. “ಇನ್ನೊಂದು ಕಂಪ್ಲೇಂಟ್ ಬಂದ್ರೆ ಬ್ಲಾಗ್ ಕ್ಲೋಸ್, ಶಶಿಕಲಾ ಮಿಸ್. ಹಸು ಬಗ್ಗೆ ಬರೆಸಿ. ಹಸು ಬಂದು ಕಂಪ್ಲೇಂಟ್ ಮಾಡಲ್ಲ.”

ಕ್ಲೋಸ್ ಮಾಡಲು ನನಗೆ ಮನಸ್ಸಿರಲಿಲ್ಲ. ಕಾರಣ ರಂಜಿನಿ. ಈ ವರ್ಷ ಶಾಲೆ ಶುರುವಾದಾಗಿನಿಂದ ಆ ಹುಡುಗಿಯ ಬಾಯಿಂದ ‘ಪ್ರೆಸೆಂಟ್ ಮಿಸ್’ ಬಿಟ್ಟು ಬೇರೆ ಮಾತು ಹೊರಟಿರಲಿಲ್ಲ. ಗದರಿಸಿ ನೋಡಿದೆ, ಮುದ್ದು ಮಾಡಿ ನೋಡಿದೆ, ಏನೂ ಉಪಯೋಗವಾಗಲಿಲ್ಲ. ಆದರೆ ತನ್ನ ಸರದಿ ಬಂದ ದಿನ ಅವಳು ಬೆಲ್ ಹೊಡೆದರೂ ಕೀಬೋರ್ಡ್ ಬಿಟ್ಟು ಏಳಲಿಲ್ಲ. ಅವಳು ಬರೆದದ್ದು ಇದು:

‘ಬೆಳಿಗ್ಗೆ ಅಜ್ಜಿ ಡಬ್ಬಕ್ಕೆ ಕೈ ಹಾಕಿ ಅಕ್ಕಿ ತುಂಬಿದೆ ಅಂದರು. ಬೇಳೆನೂ ತುಂಬಿದೆ ಅಂದರು. ಎಣ್ಣೆನೂ ತುಂಬಿದೆ ಅಂದರು. ಅಪ್ಪ ತಲೆ ಮೇಲೆ ಕೈ ಇಟ್ಟುಕೊಂಡರು.’

ಅಡುಗೆಮನೆಯಲ್ಲಿ ‘ಮುಗಿಯಿತು’, ‘ಇಲ್ಲ’ ಎನ್ನಬಾರದು. ಲಕ್ಷ್ಮಿ ಮುನಿಸಿಕೊಳ್ಳುತ್ತಾಳೆ. ಅದಕ್ಕೇ ಡಬ್ಬ ಬರಿದಾದಾಗ ನಮ್ಮ ಹೆಂಗಸರು ‘ತುಂಬಿದೆ’ ಎನ್ನುತ್ತಾರೆ. ಅಪ್ಪನ ಕೈ ತಲೆಗೆ ಹೋದದ್ದು ಸುಮ್ಮನೆ ಅಲ್ಲ. ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಕ್ಕು ನಕ್ಕು ಸಾಕಾಗಿ, ಒಂದಕ್ಷರವೂ ತಿದ್ದದೆ ಬ್ಲಾಗಿಗೆ ಹಾಕಿದೆ. ನನಗೆ ತುಂಬಾ ಖುಷಿಯಾಗಿತ್ತು.

ರಂಜಿನಿಯ ಬೀದಿಯಲ್ಲೇ ಭೈರೇಶ್ ಎಂಬ ಯುವಕನಿದ್ದಾನೆ, ಗಣೇಶನ ಸಮಿತಿಯ ಕಾರ್ಯದರ್ಶಿ. ಅವನ ತಂಗಿ ನನ್ನ ಕ್ಲಾಸಿನವಳೇ. ಬ್ಲಾಗು ಓದಿದವನೇ ಅದನ್ನು ನಿಜವೆಂದೇ ನಂಬಿ ಖಾಲಿ ಚೀಲ ಹಿಡಿದು ರಂಜಿನಿಯ ಮನೆ ಬಾಗಿಲಲ್ಲಿ ನಿಂತ. “ಅಜ್ಜಿ, ನಿಮ್ಮನೇಲಿ ಅಕ್ಕಿ ತುಂಬಿದ್ಯಂತೆ. ಪ್ರಸಾದಕ್ಕೆ ಒಂಚೂರು ಕೊಡಿ.”

ಮರುದಿನ ಬೆಳಿಗ್ಗೆ ಅಜ್ಜಿ ಬೋರಮ್ಮ ಮೊಮ್ಮಗಳ ಕೈ ಹಿಡಿದುಕೊಂಡು ಸೀದಾ ಹೆಡ್‌ಮಾಸ್ಟರ್ ರೂಮಿಗೆ ನುಗ್ಗಿದರು. ನನಗೂ ಕರೆ ಬಂತು.

“ನೀವೇನಾ ಮಿಸ್ಸು? ನಮ್ಮನೆ ಡಬ್ಬದ ವಿಷ್ಯ ಊರಿಗೆಲ್ಲ ಹಾಕಿದೀರಂತೆ! ಆ ಹುಡ್ಗ ಚೀಲ ಹಿಡ್ಕೊಂಡು ನಿಂತವ್ನೆ. ದೇವ್ರ ಕೆಲಸಕ್ಕೆ ಬಂದವ್ನಿಗೆ ಇಲ್ಲ ಅನ್ನಂಗಿಲ್ಲ. ತುಂಬಿದೆ ಅಂದ್ರೆ ಚೀಲ ಇನ್ನೂ ಅಗಲ ಮಾಡ್ತಾನೆ!”

“ಆಮೇಲೇನ್ ಮಾಡಿದ್ರಿ?” ಎಂದರು ಸಾರ್.

“ಇನ್ನೇನ್ ಮಾಡೋದು? ಹಿತ್ಲಿಂದ ಪಕ್ಕದ್ಮನೆಗೆ ಹೋಗಿ ಎರಡು ಪಾವು ಇಸ್ಕೊಂಡು ಬಂದು ಕೊಟ್ಟೆ!”

ಸಾರ್ ಮುಖ ಅರಳಿತು. ಕಂಪ್ಲೇಂಟು ತಾನಾಗಿಯೇ ನಡೆದುಕೊಂಡು ಬಂದಿತ್ತಲ್ಲ! “ಬ್ಲಾಗ್ ಮುಗೀತು ಮಿಸ್. ಇವತ್ತಿಗೆ ಮುಗೀತು.”

ಸಿಟ್ಟು ಬಂದರೆ ನನಗೆ ಅಳು ಬರುತ್ತದೆ, ಅಳು ಬಂತೆಂದು ಮತ್ತಷ್ಟು ಸಿಟ್ಟು ಬರುತ್ತದೆ. ಕಣ್ಣು ತುಂಬಿಕೊಂಡು ಕಿಟಕಿಯ ಕಡೆ ತಿರುಗಿ ನಿಂತೆ. ರಂಜಿನಿ ಇನ್ನು ಮತ್ತೆ ‘ಪ್ರೆಸೆಂಟ್ ಮಿಸ್’ಗೇ ಹೋಗಿಬಿಡುತ್ತಾಳೆ ಎನಿಸಿತು.

“ಸಾರ್, ಮುಗೀತು ಅನ್ಬಾರ್ದು.”

ಅಜ್ಜಿಯ ಸೆರಗಿನ ಹಿಂದಿನಿಂದ ಬಂದ ಮಾತು. ಎಲ್ಲರೂ ತಿರುಗಿ ನೋಡಿದೆವು.

“ತುಂಬ್ತು ಅನ್ಬೇಕು,” ಎಂದಳು ರಂಜಿನಿ.

ಸಾರ್ ನಕ್ಕರು. “ಆಯ್ತಮ್ಮ, ಹಾಗೇ ಅಂತೀನಿ. ಬ್ಲಾಗ್ ತುಂಬ್ತು. ಸರಿನಾ?”

“ತುಂಬ್ತು ಅಂದ್ರೆ ಸಾಯಂಕಾಲದೊಳಗೆ ಹೊಸದು ತರ್ಬೇಕು ಸಾರ್. ಇಲ್ದಿದ್ರೆ ಅಜ್ಜಿ ಬೈತಾರೆ.”

ಬೋರಮ್ಮ ಮೊಮ್ಮಗಳನ್ನು ಮೇಲಿಂದ ಕೆಳಗೆ ನೋಡಿದರು. “ಇಸ್ಕೂಲಲ್ಲಿ ಬಾಯೇ ಬಿಡಲ್ಲ ಅಂತ ಡೈರಿಲಿ ಬರ್ದು ಕಳಿಸ್ತಿದ್ರಲ್ಲ, ಇವ್ಳ ಬಗ್ಗೇನಾ?” ಸಿಟ್ಟೆಲ್ಲ ಇಳಿದುಹೋಗಿತ್ತು. “ಮಗು ಹೇಳೋದು ಸರಿಯಾಗೈತೆ ಸಾರ್. ತುಂಬಿದ್ಮೇಲೆ ತರ್ಲೇಬೇಕು. ನಡೆಸ್ಕೊಂಡು ಹೋಗಿ. ನಮ್ಮನೆ ಡಬ್ಬ ಒಂದು ಬ್ಯಾಡ.”

‘ತುಂಬ್ತು, ತುಂಬಿದೆ’ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದ ಸಾರ್ ಮುಖ ಇದ್ದಕ್ಕಿದ್ದಂತೆ ಬಿಳಿಚಿಕೊಂಡಿತು.

“ಬೆಳಿಗ್ಗೆ ನಮ್ಮನೆಯವ್ರು ಕಾಫಿಪುಡಿ ತುಂಬಿದೆ ಅಂದ್ರು. ನಾನು ಪೇಪರ್ ನೋಡ್ತಾ ‘ಒಳ್ಳೇದಾಯ್ತು’ ಅಂದ್ಬಿಟ್ಟೆ.” ಡ್ರಾಯರಿನಿಂದ ಬಟ್ಟೆ ಚೀಲ ತೆಗೆದು ಬಾಗಿಲ ತನಕ ಹೋದವರು ನಿಂತು ಹೇಳಿದರು: “ಸಾಯಂಕಾಲದೊಳಗೆ ಹೊಸದು ಹಾಕಿ ಮಿಸ್. ಆದ್ರೆ ಈ ಕಾಫಿಪುಡಿ ವಿಷ್ಯ ಮಾತ್ರ ಬೇಡ.”

ನಾನು ಹೂಂ ಎಂದೆ. ಅಷ್ಟರಲ್ಲಿ ರಂಜಿನಿ ಅಜ್ಜಿಯ ಕೈ ಬಿಡಿಸಿಕೊಂಡು ಓಡಿಹೋಗಿದ್ದಳು. ಕಂಪ್ಯೂಟರ್ ರೂಮಿನಿಂದ ಅವಳ ಕೂಗು ಇಡೀ ವರಾಂಡಕ್ಕೆ ಕೇಳಿಸಿತು.

“ಮಿಸ್, ಒಳ್ಳೇದಾಯ್ತು ಅಂತ ಬರೆಯೋಕೆ ‘ಳ’ ಎಲ್ಲಿ ಒತ್ಬೇಕು?”