ಹೊರಬಿಟ್ಟ ಗಾಳಿ

“ಇದರ ಮೂತಿ ಯಾಕ್ರೀ ಹಿಂದಕ್ಕೆ ತಿರುಗಿದೆ?”

ಪ್ರಯೋಗಾಲಯದ ಮೇಜಿನ ಮೇಲಿದ್ದ, ಗಾಳಿ ಹೊರಬಿಡುವ ಹಳೆಯ ಕವಾಟವನ್ನು ಹೆಂಡತಿ ಬೆರಳಿನಿಂದ ತಟ್ಟಿದಳು. ಅವನೇ ಅದನ್ನು ವಿಮಾನದ ಹೊಟ್ಟೆಯಿಂದ ಬಿಚ್ಚಿ ಅಲ್ಲಿಟ್ಟು ವರ್ಷಗಳಾಗಿದ್ದವು.

“ಹಿಂದಕ್ಕೇ ಇರ್ಬೇಕು. ಗಾಳಿ ಹಿಂದಕ್ಕೆ ನುಗ್ಗಿದ್ರೆ ವಿಮಾನಾನ ಮುಂದಕ್ಕೆ...”

ಮಾತು ಅಲ್ಲೇ ನಿಂತಿತು.

“ಮುಂದಕ್ಕೆ?”

“ಆಮೇಲೆ ಹೇಳ್ತೀನಿ.”

“ನಿಮ್ಮ ಆಮೇಲೆಗಳನ್ನೆಲ್ಲ ಕೂಡಿಟ್ಟಿದ್ರೆ ಇಷ್ಟು ಹೊತ್ತಿಗೆ ಒಂದು ಕೋಣೆ ತುಂಬಿರೋದು,” ಎಂದು ನಕ್ಕು ಅವಳು ಪ್ರದರ್ಶನ ನೋಡಲು ಬಂದಿದ್ದ ಉಳಿದ ನೌಕರರ ಮನೆಯವರ ಕಡೆ ಹೋದಳು.

ಅವನು ಕವಾಟವನ್ನು ಕೈಗೆತ್ತಿಕೊಂಡ. ಎತ್ತರದಲ್ಲಿ ಹೊರಗಿನ ಗಾಳಿ ತೆಳು. ಅದಕ್ಕೇ ಗಾಳಿಯನ್ನು ಒತ್ತಿ ಒತ್ತಿ ವಿಮಾನದೊಳಗೆ ತುಂಬುತ್ತಾರೆ. ಜನ ಉಸಿರಾಡಿದ ಮೇಲೆ ಅದು ಈ ಕವಾಟದಿಂದ ಹೊರಗೆ. ಅಷ್ಟು ಕಷ್ಟಪಟ್ಟು ಒತ್ತಿದ್ದನ್ನು ಸುಮ್ಮನೆ ಆಕಾಶಕ್ಕೆ ಚೆಲ್ಲುವುದೇ? ಕವಾಟದ ಜಾಗದಲ್ಲಿ ಪುಟ್ಟ ಚಕ್ರ ಕೂರಿಸಿದರೆ ಅದೇ ಗಾಳಿ ಅದನ್ನು ತಿರುಗಿಸಿ ವಿದ್ಯುತ್ತು ಕೊಡುತ್ತದೆ. ಇಷ್ಟೇ ಅವನ ಯೋಚನೆ. ಅವನ ಯೌವನವೆಲ್ಲ ಇದಕ್ಕೇ ಸಂದಿತ್ತು. ಜೊತೆಯವರು ಅವನನ್ನು ಗಾಳಿರಾಯ ಎನ್ನುತ್ತಿದ್ದರು. ಇವತ್ತು ವಿಮಾನ ಸಂಸ್ಥೆಯವರು ನೋಡಿ ಒಪ್ಪಿದರೆ ಈ ಚಕ್ರ ನಿಜವಾಗಿ ಹಾರುವ ವಿಮಾನಗಳನ್ನು ಸೇರುತ್ತದೆ. ಇಲ್ಲವಾದರೆ ಪ್ರಯೋಗಾಲಯಕ್ಕೆ ಬೀಗ.

ಆದರೆ ಆ ಗಾಳಿ ಚೆಲ್ಲಿಹೋಗುತ್ತಲೇ ಇರಲಿಲ್ಲ. ಹೋಗುತ್ತಾ ಹೋಗುತ್ತಾ ವಿಮಾನವನ್ನು ಒಂದಿಷ್ಟು ಮುಂದಕ್ಕೆ ತಳ್ಳಿ ಹೋಗುತ್ತಿತ್ತು. ಚಕ್ರ ಅಡ್ಡ ಬಂದರೆ ಆ ನೂಕು ಇಲ್ಲ. ಅದನ್ನು ಅವನು ಲೆಕ್ಕದಲ್ಲಿ ಕಳೆದೇ ಇರಲಿಲ್ಲ.

ಹೇಗೆ ಮರೆತೆ? ಅವನು ಶೆಡ್ಡಿನ ನಡುವೆ ನಿಂತಿದ್ದ ವಿಮಾನವನ್ನು ನೋಡಿದ. ರೆಕ್ಕೆಯಿಲ್ಲ, ಬಾಲವಿಲ್ಲ, ಬರೀ ನಡುಭಾಗ, ಕಾಂಕ್ರೀಟಿಗೆ ಬೋಲ್ಟ್ ಹಾಕಿ ಬಿಗಿದದ್ದು. ಅದನ್ನು ಯಾವ ಗಾಳಿ ತಳ್ಳಿದರೂ ಅಲುಗುವುದಿಲ್ಲ. ಅಲುಗದ್ದನ್ನು ಅಳೆಯುವವರು ಯಾರು? ಥೂ, ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಮನಸ್ಸಿನಲ್ಲೇ ಆ ನೂಕನ್ನು ಕಳೆದ. ಚೂರು ಲಾಭ ಉಳಿಯಿತು. ಚಕ್ರದ ತೂಕ ಸೇರಿಸಿದ. ನಷ್ಟ. ಮೊದಲಿನಿಂದ ಮಾಡಿದ. ಈ ಸಲ ಏನೂ ಉಳಿಯಲಿಲ್ಲ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ.

ಪ್ರಯೋಗಾಲಯದ ನಿರ್ದೇಶಕರು ಕನ್ನಡಿಯ ಮುಂದೆ ಟೈ ಸರಿಮಾಡಿಕೊಳ್ಳುತ್ತಿದ್ದರು.

“ಸಾರ್, ಲೆಕ್ಕದಲ್ಲಿ ಒಂದು ತಪ್ಪಾಗಿದೆ ಅನ್ಸುತ್ತೆ.”

“ಅನ್ಸುತ್ತೋ, ಆಗಿದೆಯೋ?”

“ಆಗಿದೆ. ಎಷ್ಟು ಅಂತ ಗೊತ್ತಾಗ್ತಿಲ್ಲ. ಲಾಭಾನೂ ಇರಬಹುದು, ಇಲ್ಲದೆಯೂ ಇರಬಹುದು.”

“ಅಡ್ಡಗೋಡೆ ಮೇಲೆ ದೀಪ ಇಡಬೇಡ್ರೀ. ಚಕ್ರ ತಿರುಗುತ್ತಾ?”

“ತಿರುಗುತ್ತೆ.”

“ಬಲ್ಬು?”

“ಹತ್ತುತ್ತೆ.”

“ಮತ್ತೇನು? ಗೊತ್ತಿರೋದನ್ನ ಹೇಳಿ. ಗೊತ್ತಿಲ್ಲದ್ದು ನಾಳೆಗಿರಲಿ.”

ನೌಕರರ ಮನೆಯವರನ್ನೇ ಪ್ರಯಾಣಿಕರಾಗಿ ಕೂರಿಸಿದರು. ಎಲ್ಲಿಗೂ ಹೋಗದ ವಿಮಾನದಲ್ಲಿ ಎಲ್ಲರೂ ಬೆಲ್ಟು ಕಟ್ಟಿಕೊಳ್ಳಬೇಕೆಂದು ನಿರ್ದೇಶಕರು ಹಟ ಹಿಡಿದರು. ಹೆಂಡತಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಬಾಗಿಲು ಬಿಗಿಯಾಗಿ ಮುಚ್ಚಿತು. ಯಂತ್ರ ಗಾಳಿ ತುಂಬಿತು. ಹೊಟ್ಟೆಯ ಕೆಳಗೆ ಚಕ್ರ ಸಿಳ್ಳೆ ಹಾಕಿತು, ಬಲ್ಬು ಹತ್ತಿತು.

ಒಳಗಿದ್ದವರು ಚಪ್ಪಾಳೆ ತಟ್ಟಿದರು. ದಪ್ಪ ಗಾಜಿನಾಚೆ ಕೈಗಳು ಆಡುತ್ತಿದ್ದವು, ಸದ್ದು ಮಾತ್ರ ಇರಲಿಲ್ಲ.

ವಿಮಾನ ಸಂಸ್ಥೆಯಿಂದ ಬಂದಿದ್ದ ಹೆಂಗಸು ಬಲ್ಬನ್ನು ನೋಡಲೇ ಇಲ್ಲ. ಅವನನ್ನೇ ನೋಡಿ ಕೇಳಿದರು.

“ಒಂದೇ ಒಂದು ಪ್ರಶ್ನೆ. ಇಷ್ಟು ದಿನ ಈ ಗಾಳಿ ಪೂರ್ತಿ ದಂಡ ಆಗ್ತಿತ್ತು ಅಂತೀರಿ. ನಿಜವಾಗ್ಲೂ?”

ನಿರ್ದೇಶಕರು ಟೈ ಮುಟ್ಟಿಕೊಂಡರು. ಅವನು ಬಾಯಿ ತೆರೆದ. ಇವರು ಕಂಡುಹಿಡಿದುಬಿಟ್ಟಿದ್ದಾರೆಯೇ? ಹಿಡಿದಿದ್ದರೆ ಒಳ್ಳೆಯದೋ? ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ. ಆದರೆ ಈ ಚಕ್ರವೇ ಇಲ್ಲದ ಮೇಲೆ ನಾಳೆ ಬೆಳಿಗ್ಗೆ ತಾನು ಎದ್ದು ಹೋಗುವುದೆಲ್ಲಿಗೆ?

“ಪೂರ್ತಿ ದಂಡ,” ಎಂದ.

ದನಿ ತನ್ನದೇ ಎಂಬುದು ಅವನಿಗೆ ಸ್ವಲ್ಪ ತಡವಾಗಿ ತಿಳಿಯಿತು. ಹೆಂಗಸು ತಲೆಯಾಡಿಸಿದರು. ಕೈ ಕುಲುಕಾಟ ಶುರುವಾಯಿತು. ಯಾರೋ ಅವನ ಬೆನ್ನು ತಟ್ಟಿ, “ಗೆದ್ಬಿಟ್ರಲ್ಲ ಗಾಳಿರಾಯ್ರೇ!” ಎಂದರು. ಗೆದ್ದೆನೇ? ಇರಬಹುದು. ಹೊರಗಿದ್ದವರೆಲ್ಲ ಫೋಟೋಗೆ ಸಾಲಾಗಿ ನಿಂತರು. ಒಳಗಿದ್ದವರು ಇನ್ನೂ ಇಳಿದಿರಲಿಲ್ಲ, ಯಂತ್ರವೂ ನಿಂತಿರಲಿಲ್ಲ.

ಅವನು ವಿಮಾನದ ಅಡಿಗೆ ನುಸುಳಿದ. ಚಕ್ರ ದಾಟಿದ ಗಾಳಿ ಹೊರಬೀಳುವ ಕೊಳವೆಯ ಮುಂದೆ ಮಂಡಿಯೂರಿ ಅಂಗೈ ಒಡ್ಡಿದ. ಮೇಲೆ ಕೂತವರೆಲ್ಲರ ಉಸಿರು ಇದೇ ದಾರಿಯಲ್ಲಿ ಬರಬೇಕು, ಅವಳದೂ. ಹಿಂದೆ ಕವಾಟವಿದ್ದಾಗ ಇಲ್ಲಿ ಕೈ ಒಡ್ಡಿದರೆ ಗಾಳಿ ಅದನ್ನು ಹಿಂದಕ್ಕೆ ಎಸೆಯುತ್ತಿತ್ತು. ಈಗ ಅಂಗೈಗೆ ತಣ್ಣಗೆ ಏನೋ ತಾಕಿದ ಹಾಗಿತ್ತು, ಅಷ್ಟೇ. ಅವನು ಕೈಯನ್ನು ಹತ್ತಿರ ತಂದ. ಇನ್ನೂ ಹತ್ತಿರ ತಂದ. ಕೊನೆಗೆ ಕೊಳವೆಯ ಬಾಯನ್ನೇ ಅಂಗೈಯಿಂದ ಮುಚ್ಚಿದ. ಒಳಗಿನಿಂದ ಯಾರದಾದರೂ ಉಸಿರು ಕೈಯನ್ನು ತಳ್ಳಬಹುದೆಂದು ಕಾದ.