ಪೌಡರಿನ ಗೆರೆ

ಪೌಡರೇ ಅದು, ಮಗುವಿನ ಕುತ್ತಿಗೆಯ ಮಡಿಕೆಯಲ್ಲಿ ಸೇರಿಕೊಂಡು ಬಿಳಿ ಗೆರೆಯಾಗಿದೆ ಅಷ್ಟೇ, ಅತ್ತೆ ಈಗತಾನೇ ಮೀಯಿಸಿ ಹಾಕಿದ್ದು, ಹೆತ್ತವಳಿಗೆ ಗೊತ್ತು, ಗೊತ್ತಿದ್ದರೂ ಕಣ್ಣು ಟೈಲರ್ ಕಣ್ಣು, ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಕಂಡರೆ ಕೈ ತಾನಾಗಿ ಕತ್ತರಿ ಹುಡುಕುತ್ತದೆ, ಇಷ್ಟು ವರ್ಷ ಹೊಟ್ಟೆ ಹೊರೆದ ಅಭ್ಯಾಸ, ಗೆರೆ ಇದ್ದಲ್ಲಿ ಕತ್ತರಿಸು — ಥೂ, ಬಿಡ್ತು, ಏನು ಯೋಚನೆ ಇದು, ಯಾವ ತಾಯಿಗೆ ಬರುತ್ತದೆ ಇಂಥದ್ದು, ತನ್ನ ಉಗುರು ತಾಗಿ ಇವನ ಕೆನ್ನೆ ಗೀರಿದ ದಿನ ಇವನಿಗಿಂತ ಜೋರಾಗಿ ಅತ್ತವಳು ಅವಳೇ ಅಲ್ಲವೇ, ಮಗು ಸುಮ್ಮನಾದ ಮೇಲೂ ಅಳುತ್ತಲೇ ಇದ್ದಳು, ಬಾಣಂತಿಗೆ ಅಳು ಬರೋದು ಮಾಮೂಲು ಕಣೇ, ನಾನೂ ಹೆತ್ತಿಲ್ವಾ, ಅತ್ತೆಯ ಮಾತು, ಗಂಡ ಗ್ಯಾರೇಜಿನಿಂದ ಬಂದು ಗ್ರೀಸಿನ ಕೈ ಒರೆಸಿಕೊಳ್ಳುತ್ತಾ, ಗಾಡಿ ಆಗಿದ್ರೆ ಬಿಚ್ಚಿ ನೋಡ್ತಿದ್ದೆ, ನಿನ್ನ ಏನ್ಮಾಡ್ಲಿ ಹೇಳು, ನಗಿಸಲು ನೋಡಿದ್ದ, ನಕ್ಕಳು, ನಗದಿದ್ದರೆ ಕೇಳುತ್ತಾನಲ್ಲ, ಕೇಳಿದರೆ ಹೇಳಬೇಕಲ್ಲ, ಹೇಳಿದರೆ ಹುಚ್ಚಿ ಅಂತಾರೆ, ಮಗುವನ್ನು ಕಿತ್ತುಕೊಳ್ಳುತ್ತಾರೆ — ಅದಕ್ಕೇ ಕತ್ತರಿಯನ್ನು ಅಟ್ಟದ ಮೇಲಿನ ಹಳೆ ಸೂಟ್‌ಕೇಸಿನಲ್ಲಿ, ಹೊದಿಕೆಗಳ ಅಡಿಯಲ್ಲಿ ಬಚ್ಚಿಟ್ಟಿದ್ದಳು, ಇವತ್ತು ಬಚ್ಚಲಿನಿಂದ ಬಂದರೆ ಹೊಲಿಗೆ ಮೆಷಿನ್ ಮೇಲೆ ಕೂತಿದೆ, ಸಾಣೆ ಹಿಡಿಸಿಕೊಂಡು ಫಳಫಳ, ಬಾಯಿ ತೆರೆದುಕೊಂಡು, ಕಳೆದೋಯ್ತು ಅಂತ ಒಳಗೊಳಗೇ ಕೊರಗ್ತಿದ್ದೀಯೇನೋ ಅಂತ ಹುಡುಕಿ ತೆಗೆದೆ, ಸುಮ್ನೆ ಕೂತ್ರೆ ತಲೆ ಕೆಡುತ್ತೆ, ಇವನಿಗೊಂದು ಅಂಗಿ ಹೊಲಿ ನೋಡೋಣ, ಅತ್ತೆಯ ಮುಖದ ತುಂಬ ಪ್ರೀತಿ, ಆ ಪ್ರೀತಿಗೆ ಏನಂತ ಹೇಳುವುದು, ಈಗ ಚೀಲ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದಾರೆ, ತರಕಾರಿ ತಂದ್ಬಿಡ್ತೀನಿ, ಮಗು ನೋಡ್ಕೋ, ಚಿಲಕ ಸರಿಯುವ ಸದ್ದು, ಬಾಗಿಲು ಮುಚ್ಚಿದರೆ ಮನೆಯಲ್ಲಿ ಅವಳು, ಮಗು, ಅದು — ಅತ್ತೆ, ಹೋಗ್ಬೇಡಿ, ಯಾರ ದನಿ ಇದು, ಅವಳದೇ, ಯಾಕೇ, ಏನಾಯ್ತೇ, ಮಗೂನ ನೀವು ಎತ್ಕೊಳ್ಳಿ ಅತ್ತೆ, ನನ್ನ ಕೈ ಕಂಡ್ರೆ ನಂಗೇ ಭಯ, ಅತ್ತೆ ನಗಲು ಹೋಗಿ ನಗಲಿಲ್ಲ, ಅವಳ ಕಣ್ಣು ನೋಡಿದರು, ಮೆಷಿನ್ ಕಡೆ ನೋಡಿದರು, ಚೀಲ ಕೈಜಾರಿತು, ಬಂದು ಮಗುವನ್ನು ಎತ್ತಿ ಎದೆಗೆ ಅವಚಿಕೊಂಡು ಒಂದು ಹೆಜ್ಜೆ, ಹಿಂದಕ್ಕೆ, ಅವಳಿಂದ ಹಿಂದಕ್ಕೆ — ಹೇಳಿದ್ದು ಒಳ್ಳೆಯದಾಯಿತಲ್ಲ, ಆಯಿತಲ್ಲ, ಆ ಹೆಗಲ ಮೇಲೆ ಮಗುವಿನ ತಲೆ ವಾಲಿದೆ, ಮಡಿಕೆ ಬಿಚ್ಚಿಕೊಂಡಿದೆ, ಪೌಡರೇ ಅದು, ಬರೀ ಪೌಡರು, ಬಿಳಿ ಗೆರೆ, ಗೆರೆ