ತಂಬೂರಿಯ ಚಾಳಿ

ಲೀಡ್ ಗಿಟಾರಿನ ಹುಡುಗ ಜ್ವರದಿಂದ ಮಲಗಿದ್ದ. ಧಾರವಾಡದ ಕಾಲೇಜು ಸ್ಪರ್ಧೆಯಲ್ಲಿ ಅವನ ಭಾಗವನ್ನೂ ವಿಜಯೀಂದ್ರ ತನ್ನ ತಗ್ಗು ದನಿಯ ಬೇಸ್ ಗಿಟಾರಿನಲ್ಲೇ ನುಡಿಸಬೇಕಿತ್ತು. ಇಲ್ಲದಿದ್ದರೆ ತಂಡ ಹಿಂದೆ ಸರಿಯಬೇಕಿತ್ತು. ಸ್ವರವನ್ನು ಒಂದು ಸಪ್ತಕ ಮೇಲೇರಿಸುವ ಆಕ್ಟೇವ್ ಪೆಡಲ್, ಅದನ್ನು ಒರಟಾಗಿಸುವ ಓವರ್‌ಡ್ರೈವ್ ಪೆಡಲ್ ಎರಡೂ ಕಾಲ ಬಳಿಯಿದ್ದವು. ಆದರೆ ತಾಲೀಮಿನಲ್ಲಿ ಸದ್ದು ತೊದಲುತ್ತಿತ್ತು.

"ಏನಲೇ ಇದು, ಎಮ್ಮಿ ಕೆಮ್ಮಿದಂಗ!" ಎಂದು ಡ್ರಮ್ಮಿನ ದುರ್ಗೇಶ ನಕ್ಕ.

ಗಾಯಕರ ಮನೆಯ ವಿಜಯೀಂದ್ರನಿಗೆ ತಂಬೂರಿಯಂತೆ ಕೆಳತಂತಿಯನ್ನೂ ಮಿಡಿಯುತ್ತಲೇ ಇರುವ ಚಾಳಿ. ಆಕ್ಟೇವ್ ಪೆಡಲಿಗೆ ಎರಡು ಸ್ವರ ಒಟ್ಟಿಗೆ ಹಿಡಿಯಲಾಗದೆಂದು ಅವನಿಗೆ ಆಗ ಹೊಳೆಯಿತು.

ವೇದಿಕೆಯ ಮೇಲೆ ಆ ತಂತಿಯನ್ನು ಹೆಬ್ಬೆರಳಿನಿಂದ ಒತ್ತಿ ಸುಮ್ಮನಾಗಿಸಿದ. ಆ ಮೌನದ ಮೇಲೆ ಒಂಟಿ ಸ್ವರವೊಂದು ಎದ್ದು ಗರ್ಜಿಸಿತು. ಕೊನೆಯ ಸಾಲಿನವರೂ ಎದ್ದು ನಿಂತರು.

"ಎಮ್ಮಿ ಅಲ್ಲೋ, ಖರೇ ಹುಲಿ!" ದುರ್ಗೇಶ ಡ್ರಮ್ಮಿನ ಹಿಂದಿನಿಂದ ಕೂಗಿದ.